ಗಾಳಿ ನಿಲ್ಲಿಸಿದ ಆಯುಧಪೂಜೆ

೧೯೯೭ರಲ್ಲಿ ನಾನು ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಜೈವಿಕ ಗೊಬ್ಬರದ ಘಟಕದಲ್ಲಿ ಗಾಜು ತೊಳೆಯುವ ಕೆಲಸದಲ್ಲಿದ್ದೆ. ಮನೆ ಕೃಷ್ಣಮೂರ್ತಿಪುರಂನ ಒಂದು ವಠಾರದಲ್ಲಿ. ಓದಿದ್ದು ಮೂರನೇ ಕ್ಲಾಸು. ಗಂಡ ಸತ್ತು ಬಹಳ ವರ್ಷವಾಗಿತ್ತು, ಅದಕ್ಕೂ ಈ ಕಥೆಗೂ ಸಂಬಂಧವಿಲ್ಲ. ಘಟಕದ ಹೆಸರು ಬರೆಯುವುದಿಲ್ಲ. ಅದರ ಮಾಲೀಕರು ಒಳ್ಳೆಯವರು, ಈಗ ಇಲ್ಲ. ಮ್ಯಾನೇಜರ್ ಒಳ್ಳೆಯವನಲ್ಲ, ಇನ್ನೂ ಇದ್ದಾನೆ. ಅವನನ್ನು ಇಲ್ಲಿ ವೃಷಭೇಂದ್ರ ಎಂದು ಕರೆಯುತ್ತೇನೆ.

ನಾವು ಬೆಳೆಸುತ್ತಿದ್ದದ್ದು ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ಬದುಕುವ ಜೀವಿ, ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಪಾತ್ರೆಯಲ್ಲಿ ಬೆಳೆಸಿ, ಕಪ್ಪು ಪುಡಿಗೆ ಕಲೆಸಿ, ಪಾಕೀಟು ಮಾಡಿ ಮಾರುತ್ತಾರೆ ಎಂದು ಮೊದಲ ದಿನ ಹೇಳಿದಾಗ ನಾನು ಇದು ಯಾವುದೋ ಮೋಸದ ವ್ಯಾಪಾರ ಅಂದುಕೊಂಡಿದ್ದೆ. ಲ್ಯಾಬಿನ ಶೈಲಜಾ ಮೇಡಂ ಆ ಅನುಮಾನ ಬಿಡಿಸಿದರು. ಅವರು ಮೈಕ್ರೋಬಯಾಲಜಿ ಓದಿದವರು. ಸರಸ್ವತಿಪುರಂನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆಗಿನ್ನೂ ಚಿಕ್ಕ ವಯಸ್ಸು, ಕೆಲಸ ಕಾಯಂ ಆಗಿರಲಿಲ್ಲ.

ಅವರು ಒಂದು ದಿನ ಅಂಗಳದಲ್ಲಿ ಬೆಳೆದಿದ್ದ ಬೀನ್ಸ್ ಗಿಡ ಕಿತ್ತು ನನ್ನ ಕೈಗೆ ಕೊಟ್ಟರು. ಬೇರಿನಲ್ಲಿ ಸಾಸಿವೆ ಕಾಳಿನಷ್ಟು, ಜೋಳದ ಕಾಳಿನಷ್ಟು ಗಂಟುಗಳು. ಉಗುರಿನಿಂದ ಒಂದನ್ನು ಸೀಳಿ ನೋಡಿ ಅಂದರು. ಒಳಗೆ ರಕ್ತದಂತೆ ಕೆಂಪಗಿತ್ತು. ಗಿಡಕ್ಕೆ ಸಾರಜನಕ ಬೇಕು. ಗಾಳಿಯ ತುಂಬ ಅದೇ ಇದ್ದರೂ ಗಿಡಕ್ಕೆ ನೇರವಾಗಿ ಎಳೆದುಕೊಳ್ಳಲು ಬರುವುದಿಲ್ಲ. ಹಸಿದ ಬೇರು ಮಣ್ಣಿಗೆ ಏನನ್ನೋ ಒಸರುತ್ತದೆ. ಅದು ಇವುಗಳಿಗೆ ಕರೆ ಇದ್ದಂತೆ. ಇವು ಬಂದು ಬೇರಿನ ಕೂದಲೆಳೆಯ ಮೂಲಕ ಒಳಗೆ ಸೇರುತ್ತವೆ, ಬೇರು ಅಲ್ಲಿ ಗಂಟು ಕಟ್ಟುತ್ತದೆ. ಗಿಡ ಇವುಗಳಿಗೆ ಸಕ್ಕರೆ ಕೊಡುತ್ತದೆ. ಇವು ಗಾಳಿಯ ಸಾರಜನಕವನ್ನು ಗಿಡ ತಿನ್ನುವಂತೆ ಮಾಡಿ ಕೊಡುತ್ತವೆ. ಗಂಟಿನ ಒಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ಗಂಟೇ ಇಲ್ಲದಿದ್ದರೆ, ಅಥವಾ ಒಳಗೆ ಬೆಳ್ಳಗಿದ್ದರೆ, ಗಿಡ ಹಸಿದಿದೆ ಎಂದು ಅರ್ಥ. ಬೆಳೆ ಕೊಯ್ದ ಮೇಲೆ ಬೇರು ಮಣ್ಣಲ್ಲೇ ಕೊಳೆತು, ಮುಂದೆ ಹಾಕುವ ರಾಗಿಗೂ ಅದರ ಪಾಲು ಸಿಗುತ್ತದೆ. ಯಾರೂ ಗೊಬ್ಬರ ಹಾಕದ ಗುಡ್ಡ, ದನ ಮೇಯುವ ಕಾವಲುಗಳಲ್ಲಿ ಹಸಿರು ಉಳಿದಿರುವುದರಲ್ಲಿ ಇವುಗಳ ದುಡಿಮೆಯೂ ಇದೆ. ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಬಗೆಯದು ಹೊಂದುತ್ತದೆ, ಬಟಾಣಿಯದು ಬೀನ್ಸಿಗೆ ಆಗುವುದಿಲ್ಲ.

ಈ ಕುಟುಂಬಕ್ಕೆ ರೈಜೋಬಿಯೇಸಿ ಎಂದು ಹೆಸರು. ಇದೇ ಕುಟುಂಬದಲ್ಲಿ ಒಬ್ಬ ಕೇಡಿಯೂ ಇದ್ದಾನಂತೆ, ಅಗ್ರೋಬ್ಯಾಕ್ಟೀರಿಯಂ. ಗಿಡಕ್ಕೆ ಗಾಯವಾದ ಕಡೆ ಒಳಗೆ ನುಗ್ಗಿ, ಬುಡದಲ್ಲಿ ಗಡ್ಡೆ ಎಬ್ಬಿಸಿ, ತನಗೆ ಮಾತ್ರ ರುಚಿಸುವ ಅಡುಗೆಯನ್ನು ಆ ಗಿಡದ ಕೈಲೇ ಮಾಡಿಸಿಕೊಂಡು ತಿನ್ನುತ್ತಾನೆ. ಮೇಡಂ ಗುಲಾಬಿ ಗಿಡದಲ್ಲಿ ಅಂಥ ಗಡ್ಡೆ ತೋರಿಸಿದಾಗ ಪ್ಯಾಕಿಂಗ್ ವಿಭಾಗದ ಕೆಂಪಮ್ಮನೂ ಪಕ್ಕದಲ್ಲಿದ್ದಳು.

"ಅಂಗಾದ್ರೆ ನಮ್ಮ ಮ್ಯಾನೇಜರ್ದೂ ಇದೇ ಮನೆತನ ಕಣಕ್ಕ" ಅಂದಳು.

ಅವತ್ತಿನಿಂದ ವೃಷಭೇಂದ್ರನಿಗೆ ನಮ್ಮೊಳಗೆ ಗಡ್ಡೆ ಎಂದೇ ಹೆಸರಾಯಿತು.

ನನ್ನ ಕೆಲಸದ ಬಗ್ಗೆ ಒಂದು ಮಾತು. ಬ್ಯಾಕ್ಟೀರಿಯಾ ಮೊದಲು ಗಾಜಿನ ಫ್ಲಾಸ್ಕಿನಲ್ಲಿ ಬೆಳೆಯುತ್ತದೆ. ಫ್ಲಾಸ್ಕಿನಲ್ಲಿ ಸೋಪಿನ ಜಿಡ್ಡು ಉಳಿದರೂ ಅದು ಸಾಯುತ್ತದೆ. ಆದ್ದರಿಂದ ತೊಳೆದ ಮೇಲೆ ಮತ್ತೆ ಮತ್ತೆ ನೀರಿನಲ್ಲಿ ಜಾಲಿಸಿ, ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಬೇಕು. ನಾನು ತೊಳೆದ ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಒಂದು ಕಲೆ ಇರುತ್ತಿರಲಿಲ್ಲ. ಇದು ಜಂಬ ಅಲ್ಲ. ಸಂಬಳ ಕೊಡುತ್ತಿದ್ದದ್ದು ಅದಕ್ಕೇ.

ಫ್ಲಾಸ್ಕಿನಿಂದ ಅದು ಫರ್ಮೆಂಟರಿಗೆ ಹೋಗುತ್ತದೆ. ಫರ್ಮೆಂಟರ್ ಎಂದರೆ ಆಳೆತ್ತರದ ಮುಚ್ಚಿದ ಸ್ಟೀಲ್ ಪಾತ್ರೆ. ಒಳಗೆ ಸಕ್ಕರೆ ಅಂಶದ ನೀರು. ಒಂದು ಪಂಪು ಸೋಸಿದ ಗಾಳಿಯನ್ನು ಹಗಲೂ ರಾತ್ರಿ ಅದರೊಳಗೆ ಊದುತ್ತಿರಬೇಕು. ಗಾಳಿ ನಿಂತರೆ ಎರಡು ಕೇಡು. ಬ್ಯಾಕ್ಟೀರಿಯಾ ಉಸಿರು ಕಟ್ಟಿ ಸಾಯುತ್ತದೆ. ಒಳಗಿನ ಒತ್ತಡ ಇಳಿದು, ಹೊರಗಿನ ಕೊಳಕು ಗಾಳಿ ಸಂದಿಯಲ್ಲಿ ನುಗ್ಗಿ, ಬೇಡದ ಕ್ರಿಮಿಗಳು ಸೇರಿಕೊಳ್ಳುತ್ತವೆ.

ಆ ವರ್ಷ ದಸರಾ ಬಂತು. ಮೈಸೂರಿನಲ್ಲಿ ಆಯುಧಪೂಜೆ ಮಾಡದ ಶೆಡ್ಡು ಇಲ್ಲ. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿ ಕಳೆಯುವ ತನಕ ಮುಟ್ಟಬಾರದು ಎನ್ನುವುದು ರೂಢಿ. ಗರಗಸ, ಸುತ್ತಿಗೆ, ಲಾರಿಗೆ ಅದು ಸರಿ, ಅವಕ್ಕೂ ರಜ ಬೇಕು. ವೃಷಭೇಂದ್ರ ಫರ್ಮೆಂಟರಿಗೂ ಅದೇ ರೂಢಿ ಅಂದ. ಆರತಿ ಎತ್ತಿದ ಮೇಲೆ ಯಂತ್ರ ಓಡಬಾರದು, ಗಾಳಿ ನಿಲ್ಲಿಸಿ ಅಂದ. ಶೈಲಜಾ ಮೇಡಂ ಬೇಡ ಸಾರ್, ಒಳಗಿರುವುದು ಸಾಯುತ್ತದೆ ಎಂದು ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಎರಡು ದಿನ ಗಾಳಿ ಇಲ್ದಿದ್ರೆ ಸತ್ತೋಗ್ತವಾ? ಹಬ್ಬಕ್ಕೆ ನಾವು ಉಪವಾಸ ಇರಲ್ವೇನಮ್ಮ?" ಅಂದ.

ಸ್ವಿಚ್ಚು ಆರಿಸಿ, ಬೀಗ ಹಾಕಿಕೊಂಡು ಹೋದ. ಮಾರನೇ ದಿನ ಜಂಬೂ ಸವಾರಿ ನೋಡಿದ.

ರಜ ಮುಗಿದು ಬಂದಾಗ ಬಾಗಿಲಲ್ಲೇ ಹುಳಿ ವಾಸನೆ. ಒಳ್ಳೆಯ ರೈಜೋಬಿಯಂಗೆ ಹುಳಿ ವಾಸನೆ ಇರುವುದಿಲ್ಲ. ಮೇಡಂ ಇದನ್ನು ಚೆಲ್ಲಬೇಕು ಅಂದರು. ಅವನು ಚೆಲ್ಲಲಿಲ್ಲ. ಕಪ್ಪು ಪುಡಿಗೆ ಕಲೆಸಿ ಪಾಕೀಟು ಮಾಡಿಸಿ ಅಂಗಡಿಗಳಿಗೆ ಕಳಿಸಿದ. ರೈತರು ಅದನ್ನು ಬೆಲ್ಲದ ನೀರಿನಲ್ಲಿ ಕಲೆಸಿ, ಬೀಜಕ್ಕೆ ಸವರಿ, ನೆರಳಲ್ಲಿ ಒಣಗಿಸಿ ಬಿತ್ತಿದರು. ಸತ್ತದ್ದನ್ನು ಅಷ್ಟು ಜೋಪಾನವಾಗಿ ಬಿತ್ತಿದರು.

ಬೀನ್ಸ್ ಹೂ ಬಿಡುವ ಹೊತ್ತಿಗೆ ಚಿಕ್ಕತಾಯಮ್ಮ ಎಂಬ ರೈತ ಹೆಂಗಸು ಒಂದು ಮಂಕರಿ ತುಂಬ ಹಳದಿ ತಿರುಗಿದ ಗಿಡಗಳನ್ನು ಹೊತ್ತು ತಂದು ಆಫೀಸಿನ ನೆಲಕ್ಕೆ ಸುರಿದಳು. ಬೇರಿನಲ್ಲಿ ಒಂದು ಗಂಟೂ ಇರಲಿಲ್ಲ. ಮಾಲೀಕರು ಅಲ್ಲೇ ಕೂತಿದ್ದರು. ಏನಿದು ಎಂದು ವೃಷಭೇಂದ್ರನನ್ನು ಕೇಳಿದರು. ಅವನು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಕೈ ತೋರಿಸಿದ. ಈ ಹೆಂಗಸು ಕಡಿಮೆ ಕೆಲಸ ಆಗಲಿ ಅಂತ ಫ್ಲಾಸ್ಕುಗಳನ್ನು ಫಿನಾಯಿಲ್ ಹಾಕಿ ತೊಳೆದಿದ್ದಾಳೆ ಅಂದ.

ಲ್ಯಾಬಿನೊಳಕ್ಕೆ ನಾನು ಫಿನಾಯಿಲ್ ತಂದಿದ್ದರೆ ಮೇಡಂ ಹೇಳಲಿ ಅಂದೆ. ಮೇಡಂ ನೆಲ ನೋಡಿದರು. ಅವರಿಗೆ ಕೆಲಸದ ಭಯ. ಆ ಭಯ ನನಗೂ ಗೊತ್ತು, ಆದರೆ ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ಚಿಕ್ಕತಾಯಮ್ಮ ಒಂದು ಗಿಡವನ್ನು ಮಣ್ಣಿನ ಸಮೇತ ನನ್ನ ಮುಖಕ್ಕೆ ಎಸೆದಳು.

"ನಿನ್ ಕೈ ಸೇದೋಗ" ಅಂದಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಹೇಳಿದ್ದನ್ನು ಅವಳು ನಂಬಿದಳು.

ಮಾರನೇ ದಿನ ವೃಷಭೇಂದ್ರ ಪ್ಯಾಕಿಂಗ್ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿದ. ನನ್ನನ್ನು ನಡುವೆ ನಿಲ್ಲಿಸಿದ. ತಪ್ಪಾಯ್ತು ಅನ್ನು, ಇಲ್ಲದಿದ್ದರೆ ಮನೆಗೆ ನಡಿ ಅಂದ. ಮನೆಗೆ ಹೋದರೆ ಒಲೆ ಹತ್ತಿಸುವಂತಿರಲಿಲ್ಲ. ತಪ್ಪಾಯ್ತು ಅಂದೆ.

"ಇನ್ಮೇಲೆ ಇವಳು ಲ್ಯಾಬಿನ ಹೊಸಿಲು ದಾಟಬಾರದು. ಒಂದು ಲೋಟನೂ ಮುಟ್ಟಬಾರದು. ಅಂಗಳ ಗುಡಿಸ್ಕೊಂಡಿರ್ಲಿ. ಎಲ್ರೂ ಕೇಳಿಸ್ಕೊಂಡ್ರಾ?" ಅಂದ.

ಎಲ್ಲರೂ ಕೇಳಿಸಿಕೊಂಡರು. ಅದಾದ ಮೇಲೆ ನನಗೆ ಫಿನಾಯಿಲ್ ಶಿವಮ್ಮ ಎಂದು ಹೆಸರು ಬಿತ್ತು. ಕಡಕೊಳದ ಬಸ್ಸಿನಲ್ಲಿ ಕಂಡಕ್ಟರ್ ಕೂಡ ಹಾಗೇ ಕರೆದು ನಗುತ್ತಿದ್ದ. ಆ ಹೆಸರು ನಮ್ಮ ವಠಾರದ ತನಕ ಬಂತು. ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ಪಕ್ಕದ ಮನೆಯವಳು ತನ್ನ ಕೊಡ ಆಚೆಗೆ ಎಳೆದುಕೊಳ್ಳುತ್ತಿದ್ದಳು.

ಸೇಡು ತೀರಿಸಿಕೊಳ್ಳಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅವನ ಸ್ಕೂಟರಿನ ಟ್ಯಾಂಕಿಗೆ ಸಕ್ಕರೆ ಸುರಿಯುವ ಯೋಚನೆ ಬಂತು. ಅದರಿಂದ ಸ್ಕೂಟರ್ ಹಾಳಾಗುತ್ತದೆ, ನನ್ನ ಹೆಸರು ಸರಿಯಾಗುವುದಿಲ್ಲ. ಮಾಲೀಕರ ಕಾಲು ಹಿಡಿದು ಅಳಬಹುದಿತ್ತು. ಅತ್ತರೆ ಕನಿಕರ ಸಿಗುತ್ತದೆ, ಅದು ನನಗೆ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಒಂದೇ. ಅದೇ ಶೆಡ್ಡಿನಲ್ಲಿ, ಅದೇ ಜನರ ಮುಂದೆ, ಅದೇ ಮಾತು ಅವನ ಬಾಯಿಂದ ಬರಬೇಕು. ಒಂದು ವರ್ಷ ಅಂಗಳ ಗುಡಿಸಿದೆ. ದಿನಾ ಬೆಳಿಗ್ಗೆ ಅವನು ಸ್ಕೂಟರ್ ನಿಲ್ಲಿಸುವಾಗ ನಮಸ್ಕಾರ ಸಾರ್ ಅಂದೆ. ಅವನು ಇವಳಿಗೆ ಬುದ್ಧಿ ಬಂತು ಅಂದುಕೊಂಡ.

ಮುಂದಿನ ದಸರಾ ಹತ್ತಿರವಾಯಿತು. ಚಿಕ್ಕತಾಯಮ್ಮನ ಗಲಾಟೆಯ ಮೇಲೆ ಮಾಲೀಕರು ಒಂದು ನಿಯಮ ಮಾಡಿದ್ದರು. ಯಾವ ಸರಕೂ ಬೀಜಕ್ಕೆ ಸವರಿ, ಕುಂಡದಲ್ಲಿ ಬೆಳೆಸಿ ಪರೀಕ್ಷೆ ಮಾಡದೆ ಹೊರಗೆ ಹೋಗಬಾರದು. ಹಬ್ಬದ ಮೇಲೆ ತಯಾರಾಗುವ ಸರಕನ್ನು ನೋಡಲು ಸರ್ಕಾರದ ಖರೀದಿ ಅಧಿಕಾರಿಯೂ ಬರುವವರಿದ್ದರು. ಅವರು ಒಪ್ಪಿದರೆ ದೊಡ್ಡ ಆರ್ಡರ್. ಆ ಸರಕು ಆಯುಧಪೂಜೆಗೆ ಸ್ವಲ್ಪ ಮುಂಚೆ ಫರ್ಮೆಂಟರಿಗೆ ಹೋಯಿತು. ಶೈಲಜಾ ಮೇಡಂ ಈ ಸಲವಾದರೂ ಗಾಳಿ ನಿಲ್ಲಿಸಬೇಡಿ ಎಂದು ಬೇಡಿಕೊಂಡರಂತೆ. ಪೂಜೆ ಮಾಡೋಣ, ಗಾಳಿ ಓಡುತ್ತಿರಲಿ ಎಂದು ವೃಷಭೇಂದ್ರ ಒಪ್ಪಿಬಿಟ್ಟನಂತೆ. ಕೆಂಪಮ್ಮ ಈ ಸುದ್ದಿಯನ್ನು ಸಂತೋಷದಿಂದ ತಂದಳು.

ನನಗೆ ಊಟ ಸೇರಲಿಲ್ಲ. ಯೋಚಿಸಿ ನೋಡಿ. ಗಾಳಿ ಓಡಿದರೆ ಸರಕು ಚೆನ್ನಾಗಿ ಬರುತ್ತದೆ. ಶಿವಮ್ಮ ತೊಳೆದಾಗ ಸತ್ತಿತು, ಶಿವಮ್ಮನನ್ನು ಆಚೆ ಹಾಕಿದ ಮೇಲೆ ಬದುಕಿತು, ನೋಡಿ ಎಂದು ಅವನು ಎಲ್ಲರಿಗೂ ತೋರಿಸುತ್ತಾನೆ. ಆಮೇಲೆ ಆ ಹೆಸರು ನನ್ನ ಹೆಣದ ಜೊತೆಗೇ ಹೋಗುವುದು.

ಪೂಜೆಯ ದಿನ ನಾನೇ ಅಂಗಳಕ್ಕೆ ರಂಗೋಲಿ ಹಾಕಿದೆ, ಮಾವಿನ ಸೊಪ್ಪು ಕಟ್ಟಿದೆ, ಕುಂಬಳಕಾಯಿಗೆ ಕುಂಕುಮ ತುಂಬಿದೆ. ಮಾಲೀಕರೊಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬಟ್ಟೆಯಲ್ಲಿ ಬಂದಿದ್ದರು. ವೃಷಭೇಂದ್ರ ಪಂಚೆ ಉಟ್ಟು ಫರ್ಮೆಂಟರಿಗೆ ವಿಭೂತಿ ಬಳಿದು ಆರತಿ ಎತ್ತಿದ. ಪಂಪು ಗುಂಯ್ ಎಂದು ಓಡುತ್ತಲೇ ಇತ್ತು. ಅವನು ಆರತಿ ಮುಗಿಸಿ ಮುಂದಿನ ಯಂತ್ರದ ಕಡೆ ತಿರುಗಿದ. ನಾನು ಹೊಸಿಲಿನ ಆಚೆ ನಿಂತೇ ಕೇಳಿದೆ.

"ಸ್ವಾಮಿ, ಓದ್ವರ್ಷ ನಿಲ್ಸಿದ್ರಿ. ಈ ವರ್ಷ ನಿಲ್ಸಲ್ವಾ?"

ಅವನು ಈ ಸಲ ಬೇಡ ಎಂದು ಗೊಣಗಿದ.

"ಬೇಡ ಅಂದ್ರೆ ಬುಡಿ. ಓದ್ವರ್ಷ ನಿಲ್ಸಿದ್ದೇ ತಪ್ಪಾಗಿತ್ತು ಅಂತ ನಾವು ತಿಳ್ಕೋತೀವಿ."

ಎಲ್ಲರೂ ಅವನ ಮುಖ ನೋಡಿದರು. ಅವನ ಕಿವಿ ಕೆಂಪಾಯಿತು. ಈ ಗಂಡಸಿಗೆ ಏನನ್ನು ಬೇಕಾದರೂ ಸಾಯಿಸಲು ಬರುತ್ತದೆ, ತಪ್ಪಾಯ್ತು ಅನ್ನಲು ಮಾತ್ರ ಬರುವುದಿಲ್ಲ ಎಂದು ನಾನು ಒಂದು ವರ್ಷ ನೋಡಿ ತಿಳಿದಿದ್ದೆ.

"ನಾನ್ಯಾವತ್ತು ತಪ್ಪು ಮಾಡಿದ್ದೆ? ನಮ್ಮ ಪದ್ಧತಿ ಪದ್ಧತಿನೇ" ಅಂದ.

ಸೀದಾ ಹೋಗಿ ತನ್ನ ಕೈಯಿಂದಲೇ ಸ್ವಿಚ್ಚು ಆರಿಸಿದ. ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟ. ಗಾಳಿ ನಿಂತಿತು. ನಾನು ಕೈ ಮುಗಿದೆ.

ಶೈಲಜಾ ಮೇಡಂ ನಲ್ಲಿಯ ಹತ್ತಿರ ನನ್ನನ್ನು ಹಿಡಿದುಕೊಂಡರು.

"ಏನ್ ಮಾಡ್ಬುಟ್ರಿ ಶಿವಮ್ಮ? ಅಷ್ಟೂ ಸತ್ತೋಗುತ್ತೆ."

"ಸಾಯ್ಲಿ ಬುಡಿ. ಪರೀಕ್ಷೆ ಆಗದೆ ಆಚೆಗೆ ಓಗಲ್ವಲ್ಲ, ಯಾವ ರೈತನ ಬೆಳೆನೂ ಆಳಾಗಲ್ಲ. ಓದ್ವರ್ಷ ನೀವು ಬಾಯಿ ಬುಡ್ಲಿಲ್ಲ ಮೇಡಮ್ಮೋರೆ. ಈ ಸಲ ಯಾರಾದ್ರೂ ಕೇಳ್ದಾಗ ಬಾಯಿ ಬುಡಿ, ಅಷ್ಟೇ ಸಾಕು."

ಅವರು ಬಸ್ಸಿಗೆ ಹೋದರು. ವಿಜಯದಶಮಿಯ ದಿನ ನಾನು ಸವಾರಿ ನೋಡಲು ಹೋಗಲಿಲ್ಲ. ಮನೆಯಲ್ಲಿ ಒಬ್ಬಟ್ಟು ಮಾಡಿಕೊಂಡು ತಿಂದೆ. ಚೆನ್ನಾಗಿ ಬಂದಿತ್ತು.

ರಜದ ಮೇಲೆ ಮತ್ತೆ ಅದೇ ಹುಳಿ ವಾಸನೆ. ಅಧಿಕಾರಿಗೆ ಸರಕು ತೋರಿಸಲೇಬೇಕಿದ್ದರಿಂದ ವೃಷಭೇಂದ್ರ ಅದನ್ನೇ ಪಾಕೀಟು ಮಾಡಿಸಿದ. ಕುಂಡದಲ್ಲಿ ಹೇಗೋ ಒಂದೆರಡು ಗಂಟು ಬರಬಹುದು ಎಂಬ ಆಸೆ ಅವನಿಗೆ. ಹುರಿದು ಶುದ್ಧ ಮಾಡಿದ ಮರಳನ್ನು ಕುಂಡಗಳಿಗೆ ತುಂಬಿ ಎರಡು ಸಾಲು ಮಾಡಿದರು. ಒಂದು ಸಾಲಿನ ಬೀನ್ಸ್ ಬೀಜಕ್ಕೆ ಹೊಸ ಪಾಕೀಟಿನದು, ಇನ್ನೊಂದಕ್ಕೆ ಹಬ್ಬಕ್ಕೆ ಮೊದಲು ತಯಾರಾದ ಪಾಕೀಟಿನದು. ನೀರು ಹಾಕಿದ್ದು ಮೇಡಂ ಒಬ್ಬರೇ. ಕುಂಡಗಳಿದ್ದ ಮೂಲೆಯನ್ನು ನಾನು ಗುಡಿಸಲೂ ಇಲ್ಲ. ಅಲ್ಲಿ ಕಸ ಬಿದ್ದಿದೆ ಎಂದು ವೃಷಭೇಂದ್ರ ಬೈದ. ಬೈಸಿಕೊಂಡೆ.

ಗಿಡಗಳು ಬೆಳೆದ ಮೇಲೆ ಅಧಿಕಾರಿ ಬಂದರು. ಮಾಲೀಕರೂ ಇದ್ದರು, ನಾವೆಲ್ಲ ಅಂಗಳದಲ್ಲಿ ನಿಂತಿದ್ದೆವು. ಹಳೆಯ ಪಾಕೀಟಿನ ಗಿಡ ಕಿತ್ತು ನೀರಿನಲ್ಲಿ ಅದ್ದಿದರು. ಬೇರಿನ ತುಂಬ ಗಂಟು, ಸೀಳಿದರೆ ಕೆಂಪು. ಹೊಸ ಪಾಕೀಟಿನದನ್ನು ಕಿತ್ತರು. ಬೇರು ದಾರದಂತೆ ಬೋಳಾಗಿತ್ತು. ಇನ್ನೊಂದು ಕಿತ್ತರು, ಮತ್ತೊಂದು ಕಿತ್ತರು. ಎಲ್ಲವೂ ಹಾಗೇ. ಇದರಲ್ಲಿ ಜೀವ ಇಲ್ಲ, ನಾವು ಕೊಳ್ಳುವುದಿಲ್ಲ ಎಂದು ಅಧಿಕಾರಿ ಕೈ ತೊಳೆದುಕೊಂಡರು. ಮಾಲೀಕರು ವೃಷಭೇಂದ್ರನ ಕಡೆ ತಿರುಗಿದರು.

"ಗಾಜು ಸರಿಯಾಗಿ ತೊಳೆದಿಲ್ಲ ಸಾರ್, ಆ ಹೆಂಗಸು" ಅಂದ.

"ಯಾವ ಹೆಂಗಸು?"

"ಶಿವಮ್ಮ."

ಕೆಂಪಮ್ಮನಿಗೆ ನಗು ತಡೆಯಲಾಗಲಿಲ್ಲ. ಹಿಂದೆ ನಿಂತವರೂ ನಕ್ಕರು. ಹೇಳಿದ ಮೇಲೆ ಅವನಿಗೇ ಗೊತ್ತಾಯಿತು, ಬಾಯಿ ತೆರೆದೇ ಇತ್ತು. ನಾನು ಪೊರಕೆ ಹಿಡಿದುಕೊಂಡೇ ಮುಂದೆ ಬಂದೆ.

"ನಾನು ಒಂದು ವರ್ಷದಿಂದ ಆ ಹೊಸಿಲು ದಾಟಿಲ್ಲ ಸ್ವಾಮಿ. ಒಂದು ಲೋಟನೂ ಮುಟ್ಟಿಲ್ಲ. ಅವರದೇ ಅಪ್ಪಣೆ. ಇಲ್ಲಿರೋರೆಲ್ಲ ಕೇಳಿಸ್ಕೊಂಡವ್ರೆ."

ಅಧಿಕಾರಿಗೆ ನಮ್ಮ ಜಗಳ ಬೇಕಿರಲಿಲ್ಲ. ಪಾತ್ರೆಗೆ ಗಾಳಿ ಎಲ್ಲಾದರೂ ನಿಂತಿತ್ತೇ ಎಂದು ಮಾತ್ರ ಕೇಳಿದರು. ಇಲ್ಲವೇ ಇಲ್ಲ ಎಂದು ವೃಷಭೇಂದ್ರ ಹೇಳಿದ. ನಾನು ಶೈಲಜಾ ಮೇಡಂ ಕಡೆ ನೋಡಿದೆ. ಅವರು ಮತ್ತೆ ನೆಲ ನೋಡುತ್ತಿದ್ದರು. ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ತಲೆ ಎತ್ತಿದರು.

"ನಿಂತಿತ್ತು ಸಾರ್. ಹೋದ ವರ್ಷವೂ ನಿಂತಿತ್ತು, ಈ ವರ್ಷವೂ ನಿಂತಿತ್ತು. ಆಯುಧಪೂಜೆಗೆ ಇವರೇ ನಿಲ್ಲಿಸಿದ್ದು. ಹೋದ ವರ್ಷ ಶಿವಮ್ಮ ಫಿನಾಯಿಲ್ ತಂದಿರಲಿಲ್ಲ. ಅವತ್ತು ನಾನು ಹೇಳಲಿಲ್ಲ."

ಸುಳ್ಳು ಎಂದು ಅವನು ಕೂಗಿದ. ಕೆಂಪಮ್ಮ ಮುಂದೆ ಬಂದಳು.

"ಆರತಿ ತಟ್ಟೆ ಹಿಡ್ಕಂಡಿದ್ದೋಳು ನಾನೇ ಕಣ್ರೀ. ಸ್ವಿಚ್ಚಿಗೆ ಇಕ್ಕಿದ ಕುಂಕುಮ ಇನ್ನೂ ಅಂಗೇ ಅದೆ, ಓಗಿ ನೋಡ್ಕಳಿ."

ಮಾಲೀಕರು ಹೋಗಿ ನೋಡಿಕೊಂಡು ಬಂದರು. ಅವರು ಸಿಟ್ಟಿನವರಲ್ಲ, ಅವತ್ತೂ ಕೂಗಲಿಲ್ಲ. ಶಿವಮ್ಮ, ನಾಳೆಯಿಂದ ಲ್ಯಾಬಿಗೆ ಹೋಗು ಅಂದರು. ಹೋಗುತ್ತೇನೆ, ಅದಕ್ಕೆ ಮುಂಚೆ ಶೆಡ್ಡಿನಲ್ಲಿ ಒಂದು ಕೆಲಸ ಬಾಕಿ ಇದೆ ಅಂದೆ. ಅವರಿಗೆ ಅರ್ಥವಾಯಿತು.

ಅವತ್ತೇ ಎಲ್ಲರನ್ನೂ ಸೇರಿಸಿದರು. ನಾನು ನಿಂತಿದ್ದ ಜಾಗದಲ್ಲಿ ವೃಷಭೇಂದ್ರ ನಿಂತ. ಅಂಗಿಯ ಗುಂಡಿಗೆ ಹೇಳಿಕೊಳ್ಳುವವನಂತೆ ತಲೆ ಬಗ್ಗಿಸಿ ತಪ್ಪಾಯ್ತು ಅಂದ.

"ಜೋರಾಗಿ ಹೇಳಿ ಸಾರ್. ಹಿಂದಿರೋರಿಗೆ ಕೇಳಿಸ್ಲಿಲ್ಲ" ಅಂದೆ.

ಇನ್ನೊಂದು ಸಲ ಹೇಳಿದ. ನನ್ನ ಹೆಸರು ಹಿಡಿದು ಹೇಳಬೇಕು, ಫಿನಾಯಿಲ್ ವಿಷಯವನ್ನೂ ಹೇಳಬೇಕು ಅಂದೆ. ಅವನು ಮಾಲೀಕರ ಮುಖ ನೋಡಿದ. ಅವರು ಗೋಡೆ ನೋಡಿದರು. ಶಿವಮ್ಮ ಫಿನಾಯಿಲ್ ಹಾಕಿರಲಿಲ್ಲ, ನಾನು ಸುಳ್ಳು ಹೇಳಿದೆ, ತಪ್ಪಾಯ್ತು ಅಂದ. ಕಣ್ಣಲ್ಲಿ ನೀರಿತ್ತು. ನಾನು ನೋಡಿದೆ, ಸಾಕು ಅನ್ನಿಸಲಿಲ್ಲ, ಆದರೆ ಅದಕ್ಕಿಂತ ಹೆಚ್ಚು ಕೇಳಲು ಏನೂ ಉಳಿದಿರಲಿಲ್ಲ. ಅವನು ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟ. ಅದಕ್ಕೆ ಮುಂಚೆ ಚಿಕ್ಕತಾಯಮ್ಮನಿಗೂ ಅವನೇ ಹೋಗಿ ಹೇಳಲಿ ಎಂದು ಮಾಲೀಕರು ಕಳಿಸಿದ್ದರು. ನಾನೂ ವ್ಯಾನಿನಲ್ಲಿ ಹೋಗಿದ್ದೆ. ಅವಳು ನನ್ನ ಹತ್ತಿರ ಕ್ಷಮೆ ಕೇಳಲಿಲ್ಲ. ಅವನಿಗೆ ಕೊಡಬೇಕಾದದ್ದನ್ನು ಮಾತ್ರ ಕೊಟ್ಟಳು. ಆ ಬೈಗುಳಗಳನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಶೈಲಜಾ ಮೇಡಂ ಜೊತೆ ಆಮೇಲೂ ಕೆಲವು ವರ್ಷ ಕೆಲಸ ಮಾಡಿದೆ. ಮೊದಲಿನ ಸಲಿಗೆ ಬರಲಿಲ್ಲ. ಅವರು ಹೇಳಿದ್ದು ನಿಜ, ಒಂದು ವರ್ಷ ತಡವಾಗಿ ಹೇಳಿದ್ದೂ ನಿಜ. ಎರಡನ್ನೂ ಇಟ್ಟುಕೊಂಡಿದ್ದೇನೆ. ಆಯುಧಪೂಜೆ ಈಗಲೂ ಅಲ್ಲಿ ನಡೆಯುತ್ತದೆ. ಪಂಪಿಗೆ ಓಡುತ್ತಿರುವಾಗಲೇ ಹೂವು ಹಾಕುತ್ತಾರೆ.

೨೦೦೬ರಲ್ಲಿ ಕೆಲಸ ಬಿಟ್ಟೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಣ್ಣಿನಲ್ಲಿ ದುಡಿಯುವ ಜೀವಿ ಸತ್ತಾಗ ಸದ್ದಾಗುವುದಿಲ್ಲ, ಗಿಡ ಹಳದಿಯಾದಾಗಲೇ ಗೊತ್ತಾಗುವುದು. ಆಗ ಕೊಂದವನು ತನಗಿಂತ ಕೆಳಗೆ ಯಾರಿದ್ದಾರೆ ಎಂದು ಹುಡುಕುತ್ತಾನೆ. ಕೆಳಗೆ ಇರುವವರು ಸುಮ್ಮನಿದ್ದರೆ ಮುಂದಿನ ವರ್ಷವೂ ಅವನು ಹಾಗೇ ಕೊಲ್ಲುತ್ತಾನೆ. ಸೇಡು ತೀರಿಸಿಕೊಂಡರೆ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರನ್ನು ಯಾರೂ ಜನರ ನಡುವೆ ನಿಲ್ಲಿಸಿ, ಮಾಡದ ತಪ್ಪಿಗೆ ತಪ್ಪಾಯ್ತು ಅನ್ನಿಸಿರುವುದಿಲ್ಲ. ನನಗೆ ನೆಮ್ಮದಿ ಇದೆ.